ಮೇಜರ್ ಲೀಗ್ ಆಡದವರಿಗೂ ಅಲ್ಲಿ ದಾರಿ ಇದೆ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಕೆಳಹಂತದ ಮೈನರ್ ಲೀಗ್‌ನಲ್ಲೇ ಆಟ ಮುಗಿದವರಿಗೆ ಅತ್ಯುನ್ನತ ಹಂತವಾದ ಮೇಜರ್ ಲೀಗ್ ತಂಡದ ಹೊಣೆ ಸಿಗಬಹುದೇ ಎಂದು ಕೇಳಿದ್ದೀರಿ. ಖಂಡಿತ ಸಿಗುತ್ತದೆ, ಆದರೆ ಕಾಯಬೇಕು. ಬ್ರಯಾನ್ ಸ್ನಿಟ್ಕರ್ ಅವರನ್ನು ನೋಡಿ.

1977ರಲ್ಲಿ ಅಟ್ಲಾಂಟಾ ಬ್ರೇವ್ಸ್ ಎಂಬ ಮೇಜರ್ ಲೀಗ್ ತಂಡದ ಸಂಸ್ಥೆ ಸೇರಿದ ಅವರು ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಹಾಗೆ ಬ್ಯಾಟರ್‌ನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂರುವವರು. ನಾಲ್ಕು ಋತು ಆಡಿದರೂ ಮೇಲೇರಲಾಗಲಿಲ್ಲ. 1980ರಲ್ಲಿ ಆಟ ನಿಂತಾಗ, ಸಂಸ್ಥೆಯ ಮೈನರ್ ಲೀಗ್ ವಿಭಾಗ ನೋಡಿಕೊಳ್ಳುತ್ತಿದ್ದ ಬೇಸ್‌ಬಾಲ್ ದಿಗ್ಗಜ ಹ್ಯಾಂಕ್ ಆರನ್, ಸ್ನಿಟ್ಕರ್ ಅವರನ್ನು ತರಬೇತಿಯತ್ತ ತಿರುಗಿಸಿದರು. ಮುಂದಿನ ವರ್ಷಗಳೆಲ್ಲ ಹೆಚ್ಚಾಗಿ ಸಣ್ಣ ಊರುಗಳ ತಂಡಗಳಲ್ಲೇ ಕಳೆದವು.

2007ರಿಂದ 2013ರವರೆಗೆ ಅವರು ಮೇಜರ್ ಲೀಗ್‌ನಲ್ಲಿ ಮೂರನೇ ಬೇಸ್‌ನ (ರನ್‌ಗಾಗಿ ಓಟಗಾರ ಸರದಿಯಂತೆ ಮುಟ್ಟಬೇಕಾದ ಮೂಲೆಗಳಲ್ಲಿ ಮೂರನೆಯದರ) ಕೋಚ್. ಆ ಕೆಲಸವನ್ನು ಒಮ್ಮೆ ಗಮನಿಸಿ: ಓಟಗಾರ ಬೇಸ್ ಸುತ್ತಿ ಬರುವಾಗ ಚೆಂಡನ್ನು ನೋಡುವ ಪುರುಸೊತ್ತು ಅವನಿಗಿರುವುದಿಲ್ಲ. ಕೋಚ್ ತೋಳು ಗರಗರ ತಿರುಗಿಸಿದರೆ ಓಡಬೇಕು, ಎರಡೂ ಅಂಗೈ ಮುಂದೊಡ್ಡಿದರೆ ನಿಲ್ಲಬೇಕು. ತೀರ್ಮಾನಕ್ಕೆ ಕಣ್ಣು ಮಿಟುಕಿಸುವಷ್ಟೇ ಸಮಯ.

ನಂತರ ಅವರನ್ನು ಮತ್ತೆ ಮೈನರ್ ಲೀಗ್‌ಗೆ ಕಳುಹಿಸಿದರು. 58ರ ವಯಸ್ಸಿನಲ್ಲಿ ಅದನ್ನು ನುಂಗಿಕೊಂಡು ದುಡಿಯುವುದು ಸಾಮಾನ್ಯವಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ. 2016ರ ಮೇ ತಿಂಗಳಲ್ಲಿ, 60ರಲ್ಲಿ, ಬ್ರೇವ್ಸ್‌ನ ಹಂಗಾಮಿ ಮ್ಯಾನೇಜರ್ ಪಟ್ಟ ಬಂತು (ಬೇಸ್‌ಬಾಲ್‌ನಲ್ಲಿ ಮುಖ್ಯ ಕೋಚ್‌ಗೆ ಮ್ಯಾನೇಜರ್ ಎನ್ನುತ್ತಾರೆ). 2021ರಲ್ಲಿ ಅವರ ತಂಡ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಸೋತ ಹ್ಯೂಸ್ಟನ್ ತಂಡದ ಬ್ಯಾಟಿಂಗ್ ಕೋಚ್‌ಗಳಲ್ಲಿ ಒಬ್ಬರು ಅವರ ಮಗ ಟ್ರಾಯ್.