ಕಪ್ಪು ಮರಿ ಯಾರದು?

ಮಾನ್ಯರೇ,

ತುಮಕೂರಿನಿಂದ ತಾವು ಬರೆದ ಪತ್ರದಲ್ಲಿ ಎರಡು ಆಕ್ಷೇಪಗಳಿವೆ. ಪೀಬರ್ ಎಂಬ ಸರ್ಕಾರಿ ಕುದುರೆ ಸಾಕಣೆ ಕೇಂದ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ‘ಪೀಬರ್‌ನ ಬಿಳಿ ಕುದುರೆಗಳು’ ಚಿತ್ರದಲ್ಲಿ ತಾಯಿಯ ಪಕ್ಕ ಕಪ್ಪು ಮರಿ ನಿಂತಿದೆ, ‘ಬೇರೆ ಯಾವುದೋ ಮರಿಯನ್ನು ತಂದು ನಿಲ್ಲಿಸಿದ್ದೀರಿ’ ಎನ್ನುವುದು ಒಂದು. ‘ಕುಣಿಯುವ ಕುದುರೆ ಸಾಕುವುದು ಸರ್ಕಾರದ ಕೆಲಸವೇ?’ ಎನ್ನುವುದು ಇನ್ನೊಂದು.

ಮರಿ ಆ ತಾಯಿಯದೇ. ಅಲ್ಲಿ ಸಾಕುವ ಲಿಪಿಟ್ಸಾನರ್ ತಳಿಯ ಮರಿಗಳು ಹುಟ್ಟುವಾಗ ಕಪ್ಪು ಇಲ್ಲವೇ ಕಡುಗಂದು. ವರ್ಷದಿಂದ ವರ್ಷಕ್ಕೆ ನರೆತು, ಆರರಿಂದ ಹತ್ತನೆಯ ವರ್ಷದೊಳಗೆ ಬೆಳ್ಳಗಾಗುತ್ತವೆ. ರೋಮವಷ್ಟೇ ಬಿಳಿ, ಮೂತಿಯ ಸುತ್ತ ನೋಡಿದರೆ ಒಳಗಿನ ಕರಿ ಚರ್ಮ ಕಾಣುತ್ತದೆ. ಎಲ್ಲೋ ಒಂದು ಮಾತ್ರ ಕೊನೆಯವರೆಗೂ ಕಂದಾಗಿಯೇ ಉಳಿಯುತ್ತದೆ. ಅಂಥದ್ದೊಂದು ಲಾಯದಲ್ಲಿದ್ದರೆ ಶುಭವೆಂದು, ಈ ಕುದುರೆಗಳಿಗೆ ಕುಣಿತ ಕಲಿಸುವ ವಿಯೆನ್ನಾದ ಸ್ಪ್ಯಾನಿಷ್ ಸವಾರಿ ಶಾಲೆಯವರು ನಂಬುತ್ತಾರೆ. ದೃಷ್ಟಿಬೊಟ್ಟಿನ ನಾಡಿನವರಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಗಟ್ಟಿಯಾದದ್ದು. 1580ರಲ್ಲಿ ಆಸ್ಟ್ರಿಯಾದ ರಾಜಮನೆತನದ ಆರ್ಚ್‌ಡ್ಯೂಕ್ ಚಾರ್ಲ್ಸ್ ಈಗಿನ ಸ್ಲೊವೇನಿಯಾದ ಲಿಪಿಟ್ಸಾದಲ್ಲಿ ಈ ಸಾಕಣೆ ಆರಂಭಿಸಿದ್ದು ಅರಮನೆಗಾಗಿ. ಪೀಬರ್ ಕೂಡ 1798ರಲ್ಲಿ ಸೈನ್ಯಕ್ಕೆ ಕುದುರೆ ಒದಗಿಸಲೆಂದೇ ಹುಟ್ಟಿತು. ಮೊದಲ ಮಹಾಯುದ್ಧದ ಕೊನೆಗೆ ಚಕ್ರವರ್ತಿಯೂ ಇಲ್ಲ, ಸಾಮ್ರಾಜ್ಯವೂ ಇಲ್ಲ. ಕುದುರೆಗಳನ್ನು ಇಟಲಿ ಮತ್ತು ಆಸ್ಟ್ರಿಯಾ ಪಾಲು ಹಾಕಿಕೊಂಡವು. ತನ್ನ ಪಾಲಿಗೆ ಬಂದವನ್ನು ಆಸ್ಟ್ರಿಯಾ 1920ರಲ್ಲಿ ಪೀಬರ್‌ಗೆ ತಂದಿತು. ಆ ಬಡತನದಲ್ಲಿ ಹೊಸ ಗಣರಾಜ್ಯ ಅವನ್ನು ಹರಾಜು ಹಾಕಿದ್ದರೂ ಯಾರೂ ದೂರುತ್ತಿರಲಿಲ್ಲ.

ಹರಾಜಿನಲ್ಲಿ ಕುದುರೆ ಬಂದೀತು, ವಂಶ ಬಾರದು. ಇಲ್ಲಿ ಪ್ರತಿ ಗಂಡಿಗೂ ಎರಡು ಹೆಸರು: ಮೊದಲನೆಯದು ತಂದೆಯ ಕಡೆಯ ಮೂಲಪುರುಷನದು, ಎರಡನೆಯದು ತಾಯಿಯದು. ನೆಪೋಲಿಟಾನೋ ಆಫ್ರಿಕಾ ಎಂದರೆ ನೆಪೋಲಿಟಾನೋನ ಕುಲ, ಆಫ್ರಿಕಾಳ ಮಗ. ಅಂಥ ಮೂಲಪುರುಷರು ಆರು ಮಂದಿ. ಡೆನ್ಮಾರ್ಕಿನ ಅರಮನೆಯ ತಳಿಯ ಪ್ಲೂಟೋ ಹುಟ್ಟಿದ್ದು 1765ರಲ್ಲಿ. ಎಲ್ಲರಿಗಿಂತ ಕಿರಿಯನಾದ ಅರಬ್ಬಿ ಕುದುರೆ ಸಿಗ್ಲಾವಿ 1810ರಲ್ಲಿ.

ಬೆಳೆಸುವ ಬಗೆಯನ್ನೂ ನೋಡಿ. ತಾಯಿ ಹನ್ನೊಂದು ತಿಂಗಳು ಹೊತ್ತು ಒಂದೇ ಮರಿ ಹಾಕುತ್ತಾಳೆ. ಎಳೆಯ ಗಂಡುಗಳನ್ನು ಬೇಸಿಗೆಯಲ್ಲಿ ಆಲ್ಪ್ಸ್ ಪರ್ವತದ ಹುಲ್ಲುಗಾವಲಿಗೆ ಅಟ್ಟುತ್ತಾರೆ. ಕಲ್ಲುನೆಲದ ಏರಿಳಿತದಲ್ಲಿ ಓಡಾಡಿ ಗೊರಸು, ಕೀಲು, ಉಸಿರು ಗಟ್ಟಿಯಾಗುತ್ತವೆ. ನಾಲ್ಕನೆಯ ವರ್ಷದ ಹೊತ್ತಿಗೆ ಆಯ್ದವುಗಳಿಗೆ ವಿಯೆನ್ನಾದಲ್ಲಿ ಪಾಠ. ನೆಲ ಬಿಟ್ಟು ನೆಗೆದು, ಗಾಳಿಯಲ್ಲೇ ಹಿಂಗಾಲು ಝಾಡಿಸುವ ಕ್ಯಾಪ್ರಿಯೋಲ್ ಕಲಿಯುವುದಕ್ಕೆ ಮತ್ತಷ್ಟು ವರ್ಷಗಳು ಬೇಕು, ಎಲ್ಲ ಕುದುರೆಗೂ ಅದು ಒಲಿಯುವುದಿಲ್ಲ. ಇಷ್ಟು ಕಾಲ ಕಾಯುವ ವ್ಯಾಪಾರಿ ಎಲ್ಲಿದ್ದಾನೆ? 2001ರಿಂದ ಪೀಬರ್ ಮತ್ತು ಸವಾರಿ ಶಾಲೆ ಒಂದೇ ಸಾರ್ವಜನಿಕ ಸಂಸ್ಥೆಯಾಗಿ ಟಿಕೆಟ್ ಮಾರಿ ದುಡಿಯುತ್ತಿವೆ, ನಿಜ. ಆದರೂ ಒಡೆತನ ಸರ್ಕಾರದ್ದೇ.

ಸರ್ಕಾರದ ಕೈಯಲ್ಲಿದ್ದರೆ ಕ್ಷೇಮ ಎಂದು ನಾನು ಹೇಳುತ್ತಿಲ್ಲ. 1942ರಲ್ಲಿ ಪೀಬರ್‌ನ ಕುದುರೆಗಳನ್ನು ಬೊಹೀಮಿಯಾದ (ಈಗಿನ ಚೆಕ್ ಗಣರಾಜ್ಯದ) ಹೋಸ್ಟೌಗೆ ಸಾಗಿಸಿದ್ದೂ ಸರ್ಕಾರವೇ, ಹಿಟ್ಲರನ ಸರ್ಕಾರ. ಸೋವಿಯತ್ ಸೇನೆ ಹತ್ತಿರವಾದಂತೆ, ಹಸಿದ ಸೈನಿಕರ ಅಡುಗೆಗೆ ಕುದುರೆಗಳು ಬಲಿಯಾದಾವೆಂದು ಅಲ್ಲಿನ ಜರ್ಮನ್ ಅಧಿಕಾರಿಗಳೇ ಹೆದರಿ ಇನ್ನೊಂದು ಶತ್ರುವಾದ ಅಮೆರಿಕನ್ನರಿಗೆ ಹೇಳಿಕಳುಹಿಸಿದರು. 1945ರ ಏಪ್ರಿಲ್ 28ರಂದು ಕರ್ನಲ್ ಚಾರ್ಲ್ಸ್ ರೀಡ್‌ನ ಅಮೆರಿಕನ್ ಪಡೆ ಬಂದು ಅವುಗಳನ್ನು ಕಾಪಾಡಿತು. ಮರಳಿ ಪೀಬರ್ ಸೇರಿದ್ದು 1952ರಲ್ಲಿ.

ತಮ್ಮ ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ನೆನಪಿಸಿದ್ದೀರಿ. ಟಿಪ್ಪುವಿನ ಅಶ್ವದಳದ ಜೊತೆ ತಳಕು ಹಾಕಿಕೊಂಡ ಆ ನೆಲದಲ್ಲಿ ಮುಂದೆ ಬೆಳೆದದ್ದು ರೇಸಿನ ಕುದುರೆ. 1992ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ರೇಸಿನ ಕುದುರೆಗೆ ಪೇಟೆಯಿದೆ, ಹಾಗಾಗಿ ಅಲ್ಲಿ ತಮ್ಮ ವಾದವನ್ನು ಒಪ್ಪಬಲ್ಲೆ. ಪೀಬರ್ ವಿಷಯದಲ್ಲಿ ಒಪ್ಪಲಾರೆ.

ಅಂದ ಹಾಗೆ, ಆ ಚಿತ್ರದ ಅಡಿಬರಹದಲ್ಲಿ ತಮ್ಮ ಕಣ್ಣು ತಪ್ಪಿಸಿಕೊಂಡ ನಿಜವಾದ ತಪ್ಪೊಂದಿದೆ. ಪೀಬರ್ ಜರ್ಮನಿಯಲ್ಲಿದೆ ಎಂದು ಅಚ್ಚಾಗಿತ್ತು. ಅದಿರುವುದು ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದಲ್ಲಿ. ಕ್ಷಮೆಯಿರಲಿ.

— ಸಂಪಾದಕ