ಬಾಯೊಳಗಿನ ಮುಲಾಮು ಯಾಕೆ ನಿಲ್ಲವಲ್ದು?

ಪ್ರಶ್ನೆ: ಸರ್, ಕೆನ್ನೆಯ ಒಳಮೈಗೆ ಹುಣ್ಣಾಗಿದೆ. ಡಾಕ್ಟರು ಒಂದು ಟ್ಯೂಬು ಬರೆದುಕೊಟ್ಟು ‘ಬಾಯೊಳಗೇ ಅಂಟಿಕೊಂಡು ಕೂಡ್ತದ’ ಅಂದರು. ಚೆನ್ನಾಗಿ ತಿಕ್ಕಿ ಹಚ್ಚಿದೆ. ಮರಳಿನಂತಾಗಿ ಉದುರಿತು. ಔಷಧ ಕೆಟ್ಟಿದೆಯೇ? ಒದ್ದೆ ಬಾಯಿಯಲ್ಲಿ ಅಂಟು ನಿಲ್ಲುವುದಾದರೂ ಹೇಗೆ?
– ಓದುಗರೊಬ್ಬರು, ಶಹಾಪುರ

ಉತ್ತರ: ಟ್ಯೂಬಿನ ಮೇಲಿನ ತಾರೀಖು ಒಮ್ಮೆ ನೋಡಿಬಿಡ್ರಿ. ಅದು ಸರಿ ಇದ್ದರೆ ತಪ್ಪಾದದ್ದು ತಿಕ್ಕಿದ್ದರಲ್ಲೇ.

ಒಣ ಅಗಸಿ ಹಿಂಡಿ (ಚಟ್ನಿಪುಡಿ) ಬಾಯಿಗೆ ಹಾಕಿಕೊಂಡರೆ ಅಂಗುಳಕ್ಕೆ ಹತ್ತುತ್ತದೆ, ನಾಲಗೆಯಿಂದ ಕೆದರಬೇಕು. ಅದನ್ನೇ ಮೊಸರಲ್ಲಿ ಕಲಸಿದರೆ ಸಲೀಸಾಗಿ ಜಾರುತ್ತದೆ. ಒಣಗಿದ್ದು ಬಾಯಿಯ ಪಸೆ ಹೀರುವಾಗ ಹಿಡಿಯುತ್ತದೆ, ಮೊದಲೇ ನೀರು ಕುಡಿದದ್ದು ಹಿಡಿಯುವುದಿಲ್ಲ. ನಿಮ್ಮ ಮುಲಾಮಿನ ಗುಟ್ಟೂ ಇಷ್ಟೇ. ಇಂಥವುಗಳಲ್ಲಿ ಸಾಮಾನ್ಯವಾಗಿ ಜೆಲಟಿನ್, ಪೆಕ್ಟಿನ್, ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಪುಡಿಗಳು ಎಣ್ಣೆಯಂಥ ಜಿಡ್ಡಿನಲ್ಲಿ ಒಣಗಿಯೇ ಇರುತ್ತವೆ. ಪಸೆ ತಾಗಿದೊಡನೆ ಉಬ್ಬಿ, ಅವುಗಳ ಉದ್ದನೆಯ ಎಳೆಗಳು ಲೋಳೆಯಲ್ಲಿರುವ ಮ್ಯೂಸಿನ್ ಎಳೆಗಳೊಳಗೆ ಹೆಣೆದುಕೊಳ್ಳುತ್ತವೆ. ತಿಕ್ಕಿದರೆ ಆ ಪದರ ಕೂಡುವ ಮೊದಲೇ ಹರಿಯುತ್ತದೆ. 1947ರಲ್ಲೇ ಟ್ರಾಗಕಾಂತ್ ಗೋಂದಿಗೆ ಹಲ್ಲಿನ ಸೆಟ್ಟು ಅಂಟಿಸುವ ಪುಡಿ ಬೆರೆಸಿ ಪೆನಿಸಿಲಿನ್ ಅನ್ನು ಬಾಯೊಳಗೆ ನಿಲ್ಲಿಸಲು ನೋಡಿದ್ದರು.

ಕಲಬುರಗಿಯಲ್ಲಿ ಫಾರ್ಮಸಿ ಪಾಠ ಹೇಳುವಾಗ ಇದನ್ನು ಹುಡುಗರ ಕೈಯಿಂದ ಅಳೆಸುತ್ತಿದ್ದೆ. ಮಟನ್ ಅಂಗಡಿಯಿಂದ ಕುರಿಯ ಕರುಳು ತಂದು, ತೊಳೆದು, ಕೆಳಗೆ ಬಿಗಿದು, ಅದಕ್ಕೆ ಅಂಟುವ ಮಾತ್ರೆ ಒತ್ತಿ, ಆ ಮಾತ್ರೆಯನ್ನು ತಕ್ಕಡಿಯ ಒಂದು ಕಡೆ ಕಟ್ಟುವುದು. ಇನ್ನೊಂದು ತಟ್ಟೆಯ ಬೀಕರಿಗೆ ಹನಿಹನಿ ನೀರು. ಮಾತ್ರೆ ಕಿತ್ತ ಕ್ಷಣದಲ್ಲಿ ಎಷ್ಟು ಗ್ರಾಂ ನೀರಿದೆಯೋ ಅದೇ ಅಂಟಿನ ಬಲ. ವಾಸನೆಗೆ ಅರ್ಧ ಕ್ಲಾಸು ಹೊರಗೆ ನಿಲ್ಲುತ್ತಿತ್ತು, ಅದು ಬೇರೆ ಮಾತು.

ಇದೇ ಗುಣದ ಮೇಲೆ ಶಿಲೀಂಧ್ರ ಸೋಂಕಿಗೆ 50 ಮಿಲಿಗ್ರಾಂ ಮೈಕೋನಜೋಲ್ ಮಾತ್ರೆಯೂ ಬಂದಿದೆ. ಕೋರೆಹಲ್ಲಿನ ಮೇಲಿನ ವಸಡಿಗೆ ದಿನಕ್ಕೊಮ್ಮೆ ಒತ್ತಿದರೆ ತಾಸುಗಟ್ಟಲೆ ಔಷಧ ಬಿಡುತ್ತದೆ. ಕೆನ್ನೆಯಿಂದ ರಕ್ತಕ್ಕೇ ಇಳಿಯುವ ಔಷಧಗಳಿಗೆ ಇನ್ನೊಂದು ಲಾಭ: ಯಕೃತ್ತು ಮೊದಲ ಸುತ್ತಿನಲ್ಲೇ ಅವನ್ನು ಅರೆದುಹಾಕುವುದು ತಪ್ಪುತ್ತದೆ. ಹೊಟ್ಟೆಯೊಳಗೆ ಮಾತ್ರ ಈ ಆಟ ಅಷ್ಟು ನಡೆಯದು. ಅಲ್ಲಿ ಲೋಳೆಯೇ ಕಳಚಿ ಹೊಸದಾಗುತ್ತಿರುತ್ತದೆ, ಅಂಟಿದ ಮಾತ್ರೆಯೂ ಅದರ ಜೊತೆ ಹೊರಟುಬಿಡುತ್ತದೆ.

ಊಟವಾದ ಮೇಲೆ, ಮಲಗುವ ಮುಂಚೆ, ಕಡಲೆಕಾಳಿಗಿಂತ ಚಿಕ್ಕ ಚುಕ್ಕೆ ತಗೊಂಡು ಹುಣ್ಣಿನ ಮೇಲೆ ಸುಮ್ಮನೆ ಒತ್ತಿರಿ. ತೆಳು ಪೊರೆ ಕಟ್ಟುವ ತನಕ ಬೆರಳು ಎಳೆಯಬೇಡಿ. ಏಳು ದಿನಕ್ಕೂ ಮಾಯದಿದ್ದರೆ ಅದೇ ಡಾಕ್ಟರಿಗೆ ಮತ್ತೆ ತೋರಿಸಿ. ತಂಬಾಕು, ಗುಟ್ಕಾ ಹಾಕುವ ಬಾಯಾಗಿದ್ದರೆ ಆ ಏಳು ದಿನವೂ ಕಾಯಬೇಡಿ.