ರಿಯಾಕ್ಟರ್ ‘ಕ್ರಿಟಿಕಲ್’ ಆದ ಮೇಲೂ ವಿದ್ಯುತ್ ಏಕೆ ಬಾರದು?

ಪ್ರಶ್ನೆ: ಹೊಸ ಪರಮಾಣು ರಿಯಾಕ್ಟರ್ ‘ಕ್ರಿಟಿಕಲ್’ ಆಯಿತೆಂದರೆ ಅಪಾಯವೇ? ಆಮೇಲೂ ವಿದ್ಯುತ್ತಿಗೆ ತಿಂಗಳುಗಟ್ಟಲೆ ಕಾಯುವುದೇಕೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಪಾಯವಲ್ಲ, ಪ್ರತಿ ವಿದಳನದಿಂದ (ಪರಮಾಣುವಿನ ಬೀಜ ಒಡೆಯುವುದರಿಂದ) ಹೊಮ್ಮುವ ನ್ಯೂಟ್ರಾನ್‌ಗಳಲ್ಲಿ ಸರಾಸರಿ ಒಂದು ಮತ್ತೊಂದು ವಿದಳನವನ್ನು ಉಂಟುಮಾಡಿ, ಸರಪಳಿ ಕ್ರಿಯೆ ತಾನಾಗಿ ಮುಂದುವರಿಯುವ ಸ್ಥಿತಿಯನ್ನೇ ಹಾಗೆನ್ನುತ್ತಾರೆ (ಪತ್ರಿಕೆಗಳ ತಲೆಬರಹಗಳೇ ಭಯ ಹುಟ್ಟಿಸುತ್ತವೆ). ಭಾರಜಲ (ಭಾರವಾದ ಬಗೆಯ ಹೈಡ್ರೋಜನ್ ಇರುವ ನೀರು) ಬಳಸುವ ರಿಯಾಕ್ಟರಿನಲ್ಲಿ ಇಂಧನ ತುಂಬಿದ ಬಳಿಕ, ಭಾರಜಲದಲ್ಲಿ ಬೆರೆಸಿಟ್ಟ, ನ್ಯೂಟ್ರಾನ್‌ಗಳನ್ನು ಹೀರುವ ಬೋರಾನನ್ನು ಸ್ವಲ್ಪಸ್ವಲ್ಪವೇ ತೆಗೆಯುತ್ತ, ನ್ಯೂಟ್ರಾನ್‌ಗಳ ಎಣಿಕೆಯನ್ನು ಗಮನಿಸುತ್ತ ಆ ಹಂತವನ್ನು ತಲುಪುತ್ತಾರೆ. ಆಗಿನ ಶಕ್ತಿಯಿಂದ ಟರ್ಬೈನ್ ತಿರುಗಿಸುವಷ್ಟು ಹಬೆಯೂ ಹುಟ್ಟದು. ಮುಂದಿನದು ಪರೀಕ್ಷೆಗಳ ಕಾಲ. ನಿಮ್ಮ ಮುಂಬಯಿಯ ಅಣುಶಕ್ತಿನಗರದಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಹಂತಹಂತವಾಗಿ ಅನುಮತಿ ನೀಡಬೇಕು. ಗುಜರಾತಿನ ಕಾಕ್ರಾಪಾರದ 700 ಮೆಗಾವಾಟ್‌ನ ಮೂರನೆಯ ಘಟಕ 2020ರ ಜುಲೈ 22ರಂದು ಕ್ರಿಟಿಕಲ್ ಆಗಿ, 2021ರ ಜನವರಿ 10ರಂದು ಗ್ರಿಡ್ ಸೇರಿತು. ವಾಣಿಜ್ಯ ಉತ್ಪಾದನೆ ಆರಂಭವಾದದ್ದು 2023ರಲ್ಲಿ.